ಜೋಡಿ ಗ್ರಾಫಿಕ್ಸ್ ಕಾರ್ಡ್: ಕಟ್ಟಿದ ನೊಗ, ಕಳಚಿದ ನೊಗ

1998ರಲ್ಲಿ ಗೇಮ್ ಆಡುವ ಹುಚ್ಚು ತಲೆಗೇರಿದ್ದ ಕೆಲವರ ಪಿಸಿಯೊಳಗೆ ಮೂರು ಕಾರ್ಡ್‌ಗಳಿರುತ್ತಿದ್ದವು. ಒಂದು, ವಿಂಡೋಸ್‌ನ ಅಕ್ಷರ-ಚಿತ್ರಗಳನ್ನು ತೋರಿಸುವ ಮಾಮೂಲಿ ಕಾರ್ಡ್. ಉಳಿದೆರಡು ಕ್ಯಾಲಿಫೋರ್ನಿಯಾದ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ2. ಮೂರು ಆಯಾಮದ ಗೇಮ್ ಬಿಟ್ಟರೆ ಅವಕ್ಕೆ ಬೇರೆ ಕೆಲಸವೇ ಗೊತ್ತಿರಲಿಲ್ಲ. ಈ ಎರಡನ್ನೂ ಕ್ಯಾಬಿನೆಟ್‌ನ ಒಳಗೆ ಚಪ್ಪಟೆ ರಿಬ್ಬನ್ ಕೇಬಲ್ಲೊಂದು ಬೆಸೆಯುತ್ತಿತ್ತು. ಪರದೆಯ ಬೆಸ ಸಂಖ್ಯೆಯ ಗೆರೆಗಳನ್ನು ಒಂದು ಕಾರ್ಡ್ ಬರೆದರೆ ಸಮ ಸಂಖ್ಯೆಯವನ್ನು ಇನ್ನೊಂದು ಬರೆಯುತ್ತಿತ್ತು. ಗದ್ದೆಯಲ್ಲಿ ಇಬ್ಬರು ಸಾಲು ಬಿಟ್ಟು ಸಾಲು ನಾಟಿ ಹಾಕಿದ ಹಾಗೆ. ಅದಕ್ಕೇ ಆ ಏರ್ಪಾಟಿಗೆ ಸ್ಕ್ಯಾನ್ ಲೈನ್ ಇಂಟರ್‌ಲೀವ್, ಚಿಕ್ಕದಾಗಿ ಎಸ್‌ಎಲ್‌ಐ, ಎಂದು ಹೆಸರಿಟ್ಟರು. ಒಂಟಿ ಕಾರ್ಡ್ 800×600 ಚುಕ್ಕೆಗಳಿಗೇ ನಿಲ್ಲುತ್ತಿದ್ದಲ್ಲಿ ಜೋಡಿ ಕಾರ್ಡ್ 1024×768ಕ್ಕೆ ಏರುತ್ತಿತ್ತು.

ಅದು ಅಷ್ಟು ಸಲೀಸಾಗಿ ನಡೆದದ್ದಕ್ಕೆ ಕಾರಣವಿದೆ. ಆಗ ದೃಶ್ಯದಲ್ಲಿನ ಯಾವ ತ್ರಿಕೋನ ಪರದೆಯ ಎಲ್ಲಿ ಬೀಳಬೇಕೆಂಬ ಲೆಕ್ಕವನ್ನು ಪಿಸಿಯ ಪ್ರೊಸೆಸರ್ ಮಾಡಿ ಕೊಡುತ್ತಿತ್ತು. ಕಾರ್ಡಿನ ಪಾಲಿಗೆ ಉಳಿಯುತ್ತಿದ್ದುದು ಮುಖ್ಯವಾಗಿ ಬಣ್ಣ, ವಿನ್ಯಾಸ ತುಂಬುವ ಕೆಲಸ. ಗೆರೆ ಅರ್ಧವಾದರೆ ಆ ಕೆಲಸವೂ ಅರ್ಧ. ಒಬ್ಬರು ಏನು ಬರೆಯುತ್ತಿದ್ದಾರೆಂದು ಇನ್ನೊಬ್ಬರು ಇಣುಕಿ ನೋಡುವ ಅಗತ್ಯವೇ ಇರಲಿಲ್ಲ. ಗೇಮಿಂಗ್ ಪಿಸಿಗೆ ಎರಡು ಕಾರ್ಡ್ ಬೇಕೇ ಎಂಬ ಪ್ರಶ್ನೆಗೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸಿಕ್ಕ ಉತ್ತರಗಳೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗಿವೆ: ಕೆಲಸ ಎಷ್ಟು ಚೊಕ್ಕವಾಗಿ ಸೀಳುತ್ತದೆ? ಕಾರ್ಡಿನ ಬಲದ ಬಗ್ಗೆ ಮಾತಾಡಿದಷ್ಟು ನಾವು ಇದರ ಬಗ್ಗೆ ಮಾತಾಡಲಿಲ್ಲ.

1999ರಲ್ಲಿ ಬಂದ ಎನ್ವಿಡಿಯಾದ ಜೀಫೋರ್ಸ್ 256 ತ್ರಿಕೋನಗಳ ಲೆಕ್ಕವನ್ನೂ ಕಾರ್ಡಿನೊಳಕ್ಕೆ ತಂದಿತು. ಅಲ್ಲಿಗೆ ಗೆರೆ ಹಂಚಿಕೊಳ್ಳುವ ಉಪಾಯದ ಬಿಗಿ ಸಡಿಲವಾಯಿತು. ಪರದೆಯನ್ನು ಹೇಗೆ ಹಂಚಿದರೂ ತ್ರಿಕೋನಗಳ ಲೆಕ್ಕದ ಬಹುಪಾಲನ್ನು ಎರಡೂ ಕಾರ್ಡ್‌ಗಳು ಮಾಡಲೇಬೇಕು. ಅದೇ ವರ್ಷ ಎಟಿಐ ಕಂಪನಿ ರೇಜ್ ಫ್ಯೂರಿ ಮ್ಯಾಕ್ಸ್ ಎಂಬ, ಎರಡು ಚಿಪ್‌ಗಳ ಒಂದೇ ಕಾರ್ಡಿನಲ್ಲಿ ಬೇರೆ ದಾರಿ ಹಿಡಿಯಿತು: ಗೆರೆ ಹಂಚುವ ಬದಲು ಇಡೀ ಫ್ರೇಮನ್ನೇ ಹಂಚುವುದು. ಮೊದಲ ಚಿತ್ರ ಇವನದು, ಎರಡನೆಯದು ಅವನದು, ಮೂರನೆಯದು ಮತ್ತೆ ಇವನದು. ವಿಂಡೋಸ್ 2000ದಲ್ಲಿ ಅದರ ಎರಡನೇ ಚಿಪ್ ಕೆಲಸಕ್ಕೇ ಬರಲಿಲ್ಲ, ಆದರೆ ಉಪಾಯ ಮಾತ್ರ ಉಳಿದುಕೊಂಡಿತು. ತ್ರೀಡಿಎಫ್‌ಎಕ್ಸ್ ನಾಲ್ಕು ಚಿಪ್‌ಗಳ ವೂಡೂ5 6000 ಮಾಡಹೊರಟು ಅದನ್ನು ಮಾರುಕಟ್ಟೆಗೆ ತರಲಾಗದೆ ಸೋತಿತು. 2000ದ ಕೊನೆಗೆ ಅದರ ಆಸ್ತಿಪಾಸ್ತಿ ಎನ್ವಿಡಿಯಾದ ಕೈಸೇರುವ ಒಪ್ಪಂದವಾಯಿತು. ಆ ಕಾಲದ ಎಜಿಪಿ ಮದರ್‌ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್‌ಗೆಂದು ಇದ್ದದ್ದು ಒಂದೇ ಸ್ಲಾಟ್. ಹಾಗಾಗಿ ಕೆಲವು ವರ್ಷ ಈ ಮಾತೇ ತಣ್ಣಗಾಯಿತು.

2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬಂದು ಒಂದೇ ಬೋರ್ಡಿನಲ್ಲಿ ಎರಡು ಉದ್ದ ಸ್ಲಾಟ್ ಸಾಧ್ಯವಾದಾಗ ಎನ್ವಿಡಿಯಾ ಹಳೆಯ ಮೂರಕ್ಷರವನ್ನೇ ಉಳಿಸಿಕೊಂಡು ಅದರ ವಿಸ್ತರಣೆಯನ್ನು ಸ್ಕೇಲಬಲ್ ಲಿಂಕ್ ಇಂಟರ್‌ಫೇಸ್ ಎಂದು ಬದಲಿಸಿತು. ಮರುವರ್ಷ ಎಟಿಐ ಕ್ರಾಸ್‌ಫೈರ್ ಘೋಷಿಸಿತು. ಮುಂದಿನ ಹತ್ತು ವರ್ಷ ಜೋಡಿ ಕಾರ್ಡುಗಳ ಸುಗ್ಗಿ. ಇಬ್ಬರೂ ಹೆಚ್ಚಾಗಿ ನೆಚ್ಚಿಕೊಂಡದ್ದು ಫ್ರೇಮ್ ಬಿಟ್ಟು ಫ್ರೇಮ್ ಬರೆಯುವ ಆ ಎರಡನೇ ದಾರಿಯನ್ನೇ. ಡ್ರೈವರ್‌ನಲ್ಲಿ ಆಯಾ ಗೇಮಿಗೆ ಬೇಕಾದ ಪ್ರೊಫೈಲ್ ಇದ್ದರೆ ವೇಗ ಸುಮಾರು ಒಂದೂಮುಕ್ಕಾಲು ಪಟ್ಟು, ಒಮ್ಮೊಮ್ಮೆ ಅದಕ್ಕೂ ಮಿಗಿಲು. ಪ್ರೊಫೈಲ್ ಇಲ್ಲದಿದ್ದರೆ ಎರಡನೇ ಕಾರ್ಡ್ ಸುಮ್ಮನೆ ಕೂತು ಕರೆಂಟ್ ಕುಡಿಯುತ್ತಿತ್ತು. ಆದರೂ ಲೆಕ್ಕಾಚಾರದಲ್ಲಿ ಅರ್ಥವಿತ್ತು. 2014ರ ಜಿಟಿಎಕ್ಸ್ 970 ಅಮೆರಿಕದಲ್ಲಿ 329 ಡಾಲರಿಗೆ ಸಿಗುತ್ತಿತ್ತು, 145 ವಾಟ್ ಮಾತ್ರ ಬೇಡುತ್ತಿತ್ತು. ಇವತ್ತೊಂದು ಕೊಂಡು, ವರ್ಷ ಬಿಟ್ಟು ಬೆಲೆ ಇಳಿದಾಗ ಇನ್ನೊಂದು ಸೇರಿಸುವುದು ಮಧ್ಯಮ ವರ್ಗದ ಕಿಸೆಗೆ ಒಪ್ಪುವ ಯೋಜನೆಯಾಗಿತ್ತು. ಒಂದು ತಪ್ಪು ಕಲ್ಪನೆ ಮಾತ್ರ ಆಗಲೂ ಇತ್ತು, ಈಗಲೂ ಇದೆ: 4 ಜಿಬಿಯ ಎರಡು ಕಾರ್ಡ್ ಸೇರಿದರೆ 8 ಜಿಬಿ ಎಂಬುದು. ಹಾಗೆ ಆಗುತ್ತಿರಲಿಲ್ಲ. ಎರಡೂ ಅದೇ ಗೇಮಿನ ಅದೇ ಸಾಮಗ್ರಿಯ ಪ್ರತಿಯನ್ನು ಇಟ್ಟುಕೊಳ್ಳಬೇಕಾದ್ದರಿಂದ ಬಳಕೆಗೆ ಸಿಗುತ್ತಿದ್ದುದು 4 ಜಿಬಿಯೇ.

ಇನ್ನೊಂದು ತೊಂದರೆಯನ್ನು ಆಡುವವರ ಕಣ್ಣು ಮೊದಲೇ ಕಂಡಿತ್ತು, ಅಳತೆಗೋಲು ತಡವಾಗಿ ಕಂಡಿತು. ಸೆಕೆಂಡಿಗೆ 60 ಫ್ರೇಮ್ ಎಂದು ಮೀಟರ್ ತೋರಿಸುತ್ತಿದ್ದರೂ ಆಟ ಎಲ್ಲೋ ಮುಗ್ಗರಿಸುತ್ತಿದೆ ಎಂದು ಜೋಡಿ ಕಾರ್ಡಿನವರು ವರ್ಷಗಟ್ಟಲೆ ಗೊಣಗಿದರು. ಅವರು ಹೇಳಿದ್ದು ನಿಜವಾಗಿತ್ತು. 60 ಫ್ರೇಮ್ ಎಂದರೆ ಪ್ರತಿ ಫ್ರೇಮಿನ ನಡುವೆ ಸುಮಾರು 16.7 ಮಿಲಿಸೆಕೆಂಡ್ ಇರಬೇಕು. ಆದರೆ ಎರಡು ಕಾರ್ಡುಗಳು ಸಮಗತಿಯಲ್ಲಿ ನಡೆಯದೆ ಒಂದು ಫ್ರೇಮ್ 5 ಮಿಲಿಸೆಕೆಂಡಿಗೆ, ಮುಂದಿನದು 28 ಮಿಲಿಸೆಕೆಂಡಿಗೆ ಬಂದರೂ ಸರಾಸರಿ ಅರವತ್ತೇ. ಕಣ್ಣಿಗೆ ತಾಗುವುದು ಮಾತ್ರ ಮೂವತ್ತೈದರ ಆಸುಪಾಸಿನ ಅನುಭವ. 2011ರಲ್ಲಿ ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವಾಸನ್ ಸೆಕೆಂಡಿನ ಸರಾಸರಿಯನ್ನು ಬದಿಗಿಟ್ಟು ಒಂದೊಂದು ಫ್ರೇಮಿನ ಸಮಯವನ್ನು ಅಳೆದು ಬರೆದರು. 2013ರಲ್ಲಿ ಪ್ರತಿ ಫ್ರೇಮಿನ ಅಂಚಿಗೂ ಬಣ್ಣದ ಪಟ್ಟಿ ಹಚ್ಚಿ, ಪರದೆಗೆ ಹೋಗುವ ಚಿತ್ರವನ್ನೇ ದಾಖಲಿಸಿ ಎಣಿಸುವ ಎಫ್‌ಕ್ಯಾಟ್ ವಿಧಾನ ಬಂತು. ಆಗ ಕ್ರಾಸ್‌ಫೈರ್‌ನ ಕೆಲವು ಫ್ರೇಮುಗಳು ಪರದೆಯಲ್ಲಿ ನಾಲ್ಕಾರು ಗೆರೆಯಷ್ಟೇ ಕಾಣಿಸಿಕೊಂಡು ಮಾಯವಾಗುತ್ತಿದ್ದುದು ಬಯಲಾಯಿತು. ಲೆಕ್ಕಕ್ಕುಂಟು, ನೋಟಕ್ಕಿಲ್ಲ. ಎಟಿಐಯನ್ನು ಕೊಂಡಿದ್ದ ಎಎಂಡಿ ಆ ವರ್ಷದ ಆಗಸ್ಟ್‌ನಲ್ಲಿ ಫ್ರೇಮುಗಳ ಅಂತರ ಸರಿದೂಗಿಸುವ ಡ್ರೈವರ್ ಕೊಟ್ಟಿತು. ಈ ಅಳತೆಗಳನ್ನು ಮಾಡಿದವರಿಗೆ ಗೇಮ್ ಆಡುವವರು ಋಣಿಯಾಗಿರಬೇಕೆಂದು ನಾನು ನಂಬಿದ್ದೇನೆ. ಇವತ್ತು ಒಂಟಿ ಕಾರ್ಡಿನ ವಿಮರ್ಶೆಯಲ್ಲೂ ಫ್ರೇಮಿನ ಸಮಯದ ರೇಖೆ ಇರುವುದಕ್ಕೆ ಅವರೇ ಕಾರಣ.

ಅಂತರ ಸರಿಹೋದ ಮೇಲೂ ಒಂದು ಕೊರತೆ ಉಳಿಯಿತು. ಒಂದು ಫ್ರೇಮ್ ಬರೆಯಲು ಒಂದು ಕಾರ್ಡಿಗೆ 33 ಮಿಲಿಸೆಕೆಂಡ್ ಬೇಕೆನ್ನಿ. ಸರದಿಯಲ್ಲಿ ಇಬ್ಬರು ಬರೆದರೆ ಸೆಕೆಂಡಿಗೆ 60 ಚಿತ್ರ ಹೊರಬರುತ್ತವೆ, ಆದರೆ ಒಂದೊಂದು ಚಿತ್ರವೂ ಹುಟ್ಟಲು ಆ 33 ಮಿಲಿಸೆಕೆಂಡ್ ಹಿಡಿದೇ ಹಿಡಿಯುತ್ತದೆ. ಮೌಸ್ ಅಲುಗಿಸಿದವನ ಕೈಗೆ ಆ ತಡ ತಿಳಿಯುತ್ತದೆ.

ಕೊನೆಗೆ ಈ ವ್ಯವಸ್ಥೆಯ ಬುಡಕ್ಕೇ ಕೊಡಲಿ ಬಿದ್ದದ್ದು ಗೇಮುಗಳು ಚಿತ್ರ ಬರೆಯುವ ಬಗೆ ಬದಲಾದದ್ದರಿಂದ. ಅಂಚುಗಳ ಹಲ್ಲುಹಲ್ಲು ನೋಟವನ್ನು ನುಣುಪುಗೊಳಿಸಲು ಹಿಂದಿನ ಫ್ರೇಮುಗಳ ಮಾಹಿತಿಯನ್ನು ಬೆರೆಸುವ ಟಿಎಎ ಎಂಬ ತಂತ್ರ 2010ರ ದಶಕದ ನಡುವಿಗೆ ಎಲ್ಲೆಡೆ ಹಬ್ಬಿತು. ನೆರಳು, ಪ್ರತಿಫಲನಗಳೂ ಹಿಂದಿನ ಫ್ರೇಮನ್ನು ನೆನಪಿಟ್ಟುಕೊಂಡು ಕೆಲಸ ಮಾಡತೊಡಗಿದವು. ಆ ನೆನಪು ಎಲ್ಲಿದೆ? ಪಕ್ಕದ ಕಾರ್ಡಿನಲ್ಲಿ. ಅದನ್ನು ತರಿಸಿಕೊಳ್ಳುವ ದಾರಿಯೋ ಬಲು ಕಿರಿದು. 2016ರ ಜಿಟಿಎಕ್ಸ್ 1080ಗೆ ತನ್ನದೇ ಮೆಮೊರಿ ಸೆಕೆಂಡಿಗೆ 320 ಜಿಬಿ ವೇಗದಲ್ಲಿ ಎಟುಕುತ್ತಿದ್ದರೆ, ಪಿಸಿಐ ಎಕ್ಸ್‌ಪ್ರೆಸ್ 3ರ ಹದಿನಾರು ಲೇನುಗಳೂ ಸೇರಿ ಒಂದು ದಿಕ್ಕಿಗೆ ಸುಮಾರು 16 ಜಿಬಿ ಸಾಗಿಸುತ್ತಿದ್ದವು. ಸಾಮಾನ್ಯ ಬೋರ್ಡಿನಲ್ಲಿ ಎರಡು ಕಾರ್ಡ್ ಹಾಕಿದರೆ ಆ ಲೇನುಗಳೂ ಎಂಟೆಂಟಾಗಿ ಹಂಚಿಹೋಗುತ್ತಿದ್ದವು. ಬೆಸ ಸಾಲಿನವನು ಸಮ ಸಾಲಿನವನತ್ತ ನೋಡದೆ ನಾಟಿ ಹಾಕುತ್ತಿದ್ದ ಕಾಲ ಹೋಗಿ, ಪ್ರತಿ ಸಸಿಗೂ ಪಕ್ಕದವನನ್ನು ಕೇಳಬೇಕಾದ ಕಾಲ ಬಂದಿತ್ತು.

ಆಮೇಲಿನದು ಬೇಗ ಮುಗಿಯಿತು. 2015ರ ಡೈರೆಕ್ಟ್‌ಎಕ್ಸ್ 12 ಎರಡು ಕಾರ್ಡುಗಳನ್ನು ನಿಭಾಯಿಸುವ ಹೊಣೆಯನ್ನು ಡ್ರೈವರ್‌ನಿಂದ ಗೇಮ್ ಬರೆಯುವವರ ಹೆಗಲಿಗೆ ದಾಟಿಸಿತು. ಆಶಸ್ ಆಫ್ ದಿ ಸಿಂಗ್ಯುಲಾರಿಟಿ ಎಂಬ ಗೇಮಿನಲ್ಲಿ ಎನ್ವಿಡಿಯಾ ಮತ್ತು ಎಎಂಡಿ ಕಾರ್ಡುಗಳು ಒಂದೇ ನೊಗಕ್ಕೆ ಹೆಗಲು ಕೊಟ್ಟದ್ದು ಈಗಲೂ ಬೆರಗಿನ ಸಂಗತಿ. ಆದರೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಲ್ಲಿ ಇರುವುದು ಒಂದೇ ಗ್ರಾಫಿಕ್ಸ್ ಚಿಪ್. ಪಿಸಿಯ ಬೆರಳೆಣಿಕೆಯ ಜೋಡಿ ಕಾರ್ಡಿನವರಿಗಾಗಿ ತಿಂಗಳುಗಟ್ಟಲೆ ದುಡಿಯಲು ಯಾವ ಸ್ಟುಡಿಯೋ ಮುಂದೆ ಬಂದೀತು? ಷಾಡೋ ಆಫ್ ದಿ ಟೂಂಬ್ ರೈಡರ್, ರೆಡ್ ಡೆಡ್ ರಿಡೆಂಪ್ಷನ್ 2ರಂಥ ಕೆಲವೇ ಗೇಮುಗಳು ಆ ಶ್ರಮ ವಹಿಸಿದವು. 2016ರ ಜಿಟಿಎಕ್ಸ್ 1060ಗೆ ಎಸ್‌ಎಲ್‌ಐ ಇರಲಿಲ್ಲ. 2017ರಲ್ಲಿ ಎಎಂಡಿ ಕ್ರಾಸ್‌ಫೈರ್ ಎಂಬ ಹೆಸರನ್ನೇ ಕೈಬಿಟ್ಟಿತು. 2020ರ ಆರ್‌ಟಿಎಕ್ಸ್ 30 ಸರಣಿಯ ಗೇಮಿಂಗ್ ಕಾರ್ಡುಗಳಲ್ಲಿ ಜೋಡಿಸುವ ಕನೆಕ್ಟರ್ ಇದ್ದದ್ದು 3090 ದರ್ಜೆಗೆ ಮಾತ್ರ. 2021ರ ಜನವರಿ 1ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ ಬರೆಯುವುದಿಲ್ಲವೆಂದು ಎನ್ವಿಡಿಯಾ ಸಾರಿತು. 2022ರ 4090ಯಲ್ಲಿ ಆ ಕನೆಕ್ಟರೂ ಇಲ್ಲ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಪಿಸಿ ಅಸೆಂಬಲ್ ಮಾಡಿಸಲು ಹೊರಟ ಹುಡುಗರು ಈಗಲೂ ಕೇಳುತ್ತಾರೆ: ಮನೆಯಲ್ಲಿರುವ ಹಳೆ ಕಾರ್ಡಿನ ಜೊತೆಗೆ ಅಂಥದ್ದೇ ಸೆಕೆಂಡ್ ಹ್ಯಾಂಡ್ ಇನ್ನೊಂದನ್ನು ಹಾಕಿಸಲೇ? ಗೇಮಿಗೆಂದಾದರೆ ಬೇಡ, ಖಂಡಿತ ಬೇಡ. ಹಳೆಯದನ್ನು ಮಾರಿ, ಬಂದ ಹಣಕ್ಕೆ ಎರಡನೆಯದಕ್ಕೆಂದು ಇಟ್ಟಿದ್ದನ್ನೂ ಸೇರಿಸಿ ಒಂದೇ ಒಳ್ಳೆಯ ಕಾರ್ಡ್ ತೆಗೆದುಕೊಳ್ಳಿ. ಒಂದೊಂದೂ 350 ವಾಟ್ ಬೇಡುವ ಎರಡು 3090 ಅಂದರೆ ಅದಕ್ಕೆ ತಕ್ಕ ದುಬಾರಿ ಎಸ್‌ಎಂಪಿಎಸ್ ಬೇಕು. ಆ 700 ವಾಟ್‌ಗಳೂ ಕೊನೆಗೆ ಬಿಸಿಯಾಗಿ ಕೋಣೆಯೊಳಕ್ಕೇ ಬರುತ್ತವೆ. ಬೇಸಿಗೆಯ ರಾಯಚೂರು, ಕಲಬುರಗಿಯಲ್ಲಿ ಅದನ್ನು ಸಹಿಸುವುದು ಹುಡುಗಾಟವಲ್ಲ. ಒಂದು ಸಣ್ಣ ಅಪವಾದ ಹೇಳಬೇಕು. ಮುಖ್ಯ ಕಾರ್ಡ್ ಗೇಮನ್ನು ಬರೆಯುತ್ತಿರುವಾಗ ಎರಡನೆಯದು ನಡುವಿನ ಫ್ರೇಮುಗಳನ್ನು ಊಹಿಸಿ ತುಂಬುವ ಹಾಗೆ ಲಾಸ್‌ಲೆಸ್ ಸ್ಕೇಲಿಂಗ್ ಎಂಬ ಸಾಫ್ಟ್‌ವೇರ್ ಬಳಸಿ ಕೆಲವರು ಹಳೆ ಕಾರ್ಡಿಗೆ ಕೆಲಸ ಕೊಟ್ಟಿದ್ದಾರೆ. ನೋಟ ನುಣುಪಾಗುತ್ತದೆ, ಕೈಗೆ ತಿಳಿಯುವ ತಡ ಕಡಿಮೆಯಾಗುವುದಿಲ್ಲ. ಕಾರ್ಡ್ ಆಗಲೇ ಮನೆಯಲ್ಲಿದ್ದರೆ ಪ್ರಯತ್ನಿಸಬಹುದು, ಅದಕ್ಕಾಗಿಯೇ ಇನ್ನೊಂದು ಕಾರ್ಡ್ ಕೊಳ್ಳಬೇಕಿಲ್ಲ.

ಬ್ಲೆಂಡರ್‌ನಲ್ಲಿ ಅನಿಮೇಷನ್ ಮಾಡುವವರ ಮಾತು ಬೇರೆ. ಅಲ್ಲಿ ಚಿತ್ರದ ತುಂಡುಗಳನ್ನು, ಬೆಳಕಿನ ಕಿರಣಗಳ ಮಾದರಿಗಳನ್ನು ಇಂದಿಗೂ ಚೊಕ್ಕವಾಗಿ ಹಂಚಬಹುದು. ಭಾಷಾ ಮಾದರಿಗಳನ್ನು ತಮ್ಮದೇ ಪಿಸಿಯಲ್ಲಿ ನಡೆಸುವವರೂ 24 ಜಿಬಿಯ ಎರಡು ಹಳೆ 3090ಗಳನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. 7,000 ಕೋಟಿ ಪ್ಯಾರಾಮೀಟರ್‌ಗಳ ಲಾಮಾ ಮಾದರಿಯನ್ನು 4 ಬಿಟ್‌ಗೆ ಕುಗ್ಗಿಸಿದರೂ ಅದಕ್ಕೆ ಸುಮಾರು 40 ಜಿಬಿ ಬೇಕು. ಒಂದು ಕಾರ್ಡಿನಲ್ಲಿ ಹಿಡಿಸದ ಅದರ ಪದರಗಳನ್ನು ಮೊದಲರ್ಧ ಇಲ್ಲಿ, ಉಳಿದರ್ಧ ಅಲ್ಲಿ ಎಂದು ಇಟ್ಟರೆ, ಗೇಮಿಂಗ್‌ನ ಆ ಸುಗ್ಗಿಯ ಕಾಲದಲ್ಲಿ ಎಂದೂ ಆಗದಿದ್ದ ಕೂಡಿಕೆ ಇಲ್ಲಿ ಆಗುತ್ತದೆ: 24 ಮತ್ತು 24 ನಿಜಕ್ಕೂ 48. 4ಕೆ ಪರದೆಯ ಒಂದೇ ಫ್ರೇಮನ್ನು ಪಕ್ಕದ ಕಾರ್ಡಿಗೆ ದಾಟಿಸಲು ಸುಮಾರು 33 ಎಂಬಿ ಬೇಕಾಗಿದ್ದರೆ, ಈ ಮಾದರಿ ಒಂದೊಂದು ಟೋಕನ್, ಅಂದರೆ ಪದ ಅಥವಾ ಪದದ ತುಣುಕು, ಹೊರಡಿಸುವಾಗ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟುವುದು 16 ಕೆಬಿ ಮಾತ್ರ.