ಲೆಕ್ಕ ಮುಚ್ಚಿಡದ ಜ್ಯೋತಿಷಿ

ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳಿಗೆ ಹೋಗಿದ್ದೆ. ಮಂಡ್ಯ ಜಿಲ್ಲೆ, ಕೆ.ಆರ್. ಪೇಟೆ ತಾಲ್ಲೂಕು. ಲಕ್ಷ್ಮೀನರಸಿಂಹ ದೇವಸ್ಥಾನದ ಹತ್ತಿರ ಅಜ್ಜಿಯೊಬ್ಬರು ತಡೆದು ಕೇಳಿದರು: “ಟೀವೀಲಿ ಬರೋನು ನೀನೇ ಅಲ್ವೇನಪ್ಪಾ? ನಮ್ಮ ಮೊಮ್ಮಗಂಗೆ ಕುಜದಶೆ ಶುರುವಾಗೋಗೈತೆ ಅಂತಾರೆ ಐನೋರು. ನಿಮ್ಮ ಟೀವಿಯೋರು ಇನ್ನೂ ಎರಡು ವರ್ಷ ಐತೆ ಅಂದ್ರು. ಹೆಣ್ಣಿನ ಕಡೆಯೋರು ಕಾಯ್ತಾವ್ರೆ. ಯಾರ ಮಾತು ನಂಬಾನ?”

ನಾನು ಎಂಜಿನಿಯರಿಂಗ್ ಓದಿದವನು. ಜ್ಯೋತಿಷ್ಯದಲ್ಲಿ ನಂಬಿಕೆ ಇಲ್ಲ. ಆದರೆ ಒಂದೇ ಜಾತಕಕ್ಕೆ ಎರಡು ಲೆಕ್ಕ ಹೇಗೆ? ಅವತ್ತು ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕವರು ಬೆಂಗಳೂರಿನ ಬಿ.ವಿ. ರಾಮನ್.

ರಾಮನ್ ಹುಟ್ಟಿದ್ದು 1912ರಲ್ಲಿ. ತಾತ ಬಿ. ಸೂರ್ಯನಾರಾಯಣ ರಾವ್ ದೊಡ್ಡ ಜ್ಯೋತಿಷಿ. 1895ರಲ್ಲಿ ‘ದಿ ಆಸ್ಟ್ರಲಾಜಿಕಲ್ ಮ್ಯಾಗಜಿನ್’ ಶುರುಮಾಡಿದವರು. ನಿಂತುಹೋಗಿದ್ದ ಆ ಪತ್ರಿಕೆಯನ್ನು ಮೊಮ್ಮಗ 1936ರಲ್ಲಿ ಮತ್ತೆ ಹೊರತಂದರು. 1998ರಲ್ಲಿ ತೀರಿಕೊಳ್ಳುವವರೆಗೂ ಅದರ ಸಂಪಾದಕರು ಅವರೇ. ಹಳೆಯ ಸಂಸ್ಕೃತ ಗ್ರಂಥಗಳಲ್ಲಿದ್ದ ವಿದ್ಯೆಯನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದರು. ಗಣಿತದ ಹಂತಗಳನ್ನು ಬಿಡಿಸಿ ಬರೆದರು.

ಅಜ್ಜಿಯ ಪ್ರಶ್ನೆಗೆ ಉತ್ತರ ಇರೋದು ಆ ಗಣಿತದಲ್ಲೇ. ಭೂಮಿ ಬುಗುರಿಯ ಹಾಗೆ ವಾಲಾಡುತ್ತಾ ಸುತ್ತುತ್ತದೆ. ಅದರಿಂದ ಹಗಲು ರಾತ್ರಿ ಸಮವಾಗುವ ಬಿಂದು 72 ವರ್ಷಕ್ಕೆ ಸುಮಾರು ಒಂದು ಡಿಗ್ರಿಯಷ್ಟು ಹಿಂದೆ ಸರಿಯುತ್ತದೆ. ಈ ಸರಿದ ದೂರವೇ ಅಯನಾಂಶ. ಇದನ್ನು ಸೊನ್ನೆಯಿಂದ ಎಣಿಸೋಕೆ ಯಾವ ವರ್ಷದಿಂದ ಶುರುಮಾಡಬೇಕು? ರಾಮನ್ ಪ್ರಕಾರ ಕ್ರಿ.ಶ. 397. ವಿಜ್ಞಾನಿ ಮೇಘನಾದ ಸಹಾ ನೇತೃತ್ವದ ಪಂಚಾಂಗ ಸುಧಾರಣಾ ಸಮಿತಿ ಒಪ್ಪಿದ, ಚಿತ್ರಾ ನಕ್ಷತ್ರ ಆಧರಿಸಿದ ಲೆಕ್ಕಕ್ಕೆ ಕ್ರಿ.ಶ. 285. ಸರ್ಕಾರ 1957ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ತಂದಾಗ ಹಿಡಿದದ್ದು ಈ ಎರಡನೆಯದನ್ನು. ರಾಮನ್ ತಮ್ಮ ಲೆಕ್ಕ ಬಿಡಲಿಲ್ಲ.

ವ್ಯತ್ಯಾಸ ಎಷ್ಟು? ಹತ್ತಿರಹತ್ತಿರ ಒಂದೂವರೆ ಡಿಗ್ರಿ. ಚಂದ್ರ ಅಷ್ಟು ದೂರ ಹೋಗೋಕೆ ಸುಮಾರು ಎರಡೂವರೆ ಗಂಟೆ ಬೇಕು. ಆ ಅಂತರದೊಳಗೆ ಹುಟ್ಟಿದ ಮಗು ಒಂದು ಲೆಕ್ಕದಲ್ಲಿ ಮೇಷ ರಾಶಿ, ಇನ್ನೊಂದರಲ್ಲಿ ವೃಷಭ! ಹುಟ್ಟುವಾಗ 20 ವರ್ಷದ ಶುಕ್ರದಶೆ ನಡೆಯುತ್ತಿದ್ದವರಿಗೆ ಮುಂದಿನ ದಶೆಗಳೆಲ್ಲ ಎರಡು ವರ್ಷಕ್ಕೂ ಹೆಚ್ಚು ಹಿಂದುಮುಂದಾಗುತ್ತವೆ.

ಫಲಜ್ಯೋತಿಷ್ಯ ನಿಜವೋ ಸುಳ್ಳೋ, ಆ ಜಗಳ ಬೇರೆ. ನನಗೆ ರಾಮನ್ ಮೇಲೆ ಗೌರವ ಬಂದದ್ದು ಬೇರೆ ಕಾರಣಕ್ಕೆ. ಯಾವ ಅಯನಾಂಶ, ಯಾಕೆ ಅಂತ ಅವರು ಅಚ್ಚುಹಾಕಿ ಎದುರಿಗಿಟ್ಟರು. ಬೇಕಾದವರು ಕೂಡಿ ಕಳೆದು ನೋಡಬಹುದಿತ್ತು, ತಪ್ಪು ಅಂತ ವಾದಿಸಬಹುದಿತ್ತು. ನಮ್ಮ ಬೆಳಗಿನ ಕಾರ್ಯಕ್ರಮಗಳಲ್ಲಿ ಇದನ್ನು ಕೇಳಿದವರುಂಟಾ? ಫೋನ್ ಮಾಡಿದವರ ಹೆಸರು, ನಕ್ಷತ್ರ, ಒಂದು ಹೆದರಿಕೆ, ಒಂದು ಪರಿಹಾರ. ಎರಡು ನಿಮಿಷ. ಆಮೇಲೆ ಜಾಹೀರಾತು. ಅದು ಮುಗಿದ ಮೇಲೆ ಅದೇ ಸ್ಟುಡಿಯೋದಲ್ಲಿ ನಾನು ಸುದ್ದಿ ಓದುತ್ತೇನೆ. ಇದರಲ್ಲಿ ನನ್ನ ಪಾಲೂ ಇದೆ.

ಇನ್ನೊಂದು ಮಾತು. ಎ.ಎನ್. ಮೂರ್ತಿರಾವ್ ಅವರ ಹೆಸರಿನ ಮೊದಲ ‘ಎ’ ಅಂದರೆ ಅಕ್ಕಿಹೆಬ್ಬಾಳು. 1900ರಲ್ಲಿ ಹುಟ್ಟಿದ ಅವರು ತೊಂಬತ್ತು ದಾಟಿದ ವಯಸ್ಸಿನಲ್ಲಿ ‘ದೇವರು’ ಪುಸ್ತಕ ಪ್ರಕಟಿಸಿ, ತಾನು ಯಾಕೆ ನಂಬೋದಿಲ್ಲ ಅಂತ ಶಾಂತವಾಗಿ ವಿವರಿಸಿದರು. ರಾಮನ್ ನಂಬಿದವರು, ಮೂರ್ತಿರಾವ್ ನಂಬದವರು. ಇಬ್ಬರೂ ಓದುಗನನ್ನು ಹೆದರಿಸದೆ ಕಾರಣ ಕೊಟ್ಟು ಮಾತಾಡಿದರು.

ಅಜ್ಜೀ, ಅವತ್ತು ಹೇಳಲಾಗದ್ದನ್ನು ಈಗ ಹೇಳ್ತೀನಿ. ಐನೋರನ್ನೂ ನಮ್ಮ ಟೀವಿಯವರನ್ನೂ ಕೇಳಿ: ಯಾವ ಅಯನಾಂಶ ಹಾಕಿದ್ರಿ ಅಂತ. ಆ ಎರಡು ವರ್ಷ ನಿಮ್ಮ ಮೊಮ್ಮಗನ ಹಣೆಬರಹದಲ್ಲಿ ಇಲ್ಲದೇ ಇರಬಹುದು, ಪಂಚಾಂಗದವರ ಜಗಳದಲ್ಲಿ ಇರಬಹುದು. ಅದಕ್ಕೋಸ್ಕರ ಹುಡುಗಿಯನ್ನು ಕಾಯಿಸಬೇಡಿ.