ಚಿಕ್ಕ ಯಂತ್ರದಲ್ಲಿ ದೊಡ್ಡ ಮರದ ನಾಮಫಲಕ

ನಾಮಫಲಕಗಳ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರ ಕಾನೂನು ತಿದ್ದುಪಡಿಯು ವಿಧಿಸಿದೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಭಾಗದ ಸಣ್ಣ ಅಂಗಡಿಕಾರರೂ ಇದಕ್ಕೆ ಹೊರತಲ್ಲ. ಅಂತಹ ಫಲಕವನ್ನು ಮರದಲ್ಲಿ ಕೆತ್ತಲು ದೊಡ್ಡ ಯಂತ್ರವೇ ಬೇಕೆಂದಿಲ್ಲ.

ಹವ್ಯಾಸಿಗಳು ಬಳಸುವ 3018 ಮಾದರಿಯ ಸಿಎನ್‌ಸಿ ಯಂತ್ರದ ಕೆತ್ತನೆಯ ವ್ಯಾಪ್ತಿ ಸುಮಾರು 300 ಮತ್ತು 180 ಮಿ.ಮೀ. ಮಾತ್ರ. ಆದರೆ ಉದ್ದನೆಯ ಹಲಗೆಯನ್ನು ಇದರಲ್ಲಿ ಮುಂದಕ್ಕೆ ಸರಿಸುತ್ತಾ ಭಾಗಭಾಗವಾಗಿ ಕೆತ್ತಬಹುದು. ಹಲಗೆಯ ಅಂಚಿನಲ್ಲಿ 60 ಮಿ.ಮೀ.ಗೊಂದರಂತೆ ರಂಧ್ರ ಕೊರೆದು, ಗೂಟಗಳಿಂದ ಬಂಧಿಸಬೇಕು. ಪ್ರತಿ ಬಾರಿ ಒಂದೆರಡು ರಂಧ್ರಗಳಷ್ಟು ಸರಿಸಬೇಕೇ ಹೊರತು ಯಂತ್ರದ ಮೂಲಬಿಂದುವನ್ನು ಬದಲಿಸಬಾರದು.

ಕನ್ನಡ ಲಿಪಿ ಇಲ್ಲಿ ನೆರವಿಗೆ ಬರುತ್ತದೆ. ದೇವನಾಗರಿಯ ಶಿರೋರೇಖೆಯಂತೆ ನಮ್ಮ ತಲೆಕಟ್ಟು ಅಕ್ಷರಗಳನ್ನು ಬೆಸೆಯುವುದಿಲ್ಲ. ಆದ್ದರಿಂದ ಎರಡು ಅಕ್ಷರಗಳ ನಡುವಿನ ತೆರಪಿನಲ್ಲಿಯೇ ಭಾಗ ಮಾಡಬಹುದು. ಒತ್ತಕ್ಷರದ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ: ‘ಪೀಣ್ಯ’ ಎಂಬಲ್ಲಿ ‘ಣ’ ಹಾಗೂ ಬಲಕ್ಕೆ ಚಾಚುವ ‘ಯ’ ಒತ್ತು ಒಂದೇ ಭಾಗದಲ್ಲಿರಬೇಕು.

ಹಲಗೆ ಚೆನ್ನಾಗಿ ಒಣಗಿ ಸಮತಟ್ಟಾಗಿರುವುದೂ ಮುಖ್ಯ. 90 ಡಿಗ್ರಿ ವಿ-ಉಳಿಯಲ್ಲಿ 1 ಮಿ.ಮೀ. ಏರುಪೇರಾದರೆ ಗೆರೆಯ ಅಗಲ 2 ಮಿ.ಮೀ. ವ್ಯತ್ಯಾಸವಾಗುತ್ತದೆ. ಆಗ ಅಕ್ಷರಗಳು ಒಂದೇ ಸಾಲಿನಲ್ಲಿ ದಪ್ಪ-ಸಣ್ಣವಾಗಿ ಕಾಣುತ್ತವೆ.