ಕಾನ್ಹೇರಿಗೆ ಬಂದವರು

ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ನಡೆದು ನೋಡಲು ಡಿಸೆಂಬರ್, ಜನವರಿ ತಿಂಗಳುಗಳೇ ಲೇಸು. ಮಳೆಗಾಲದ ಜಾರಿಕೆ ಮುಗಿದಿರುತ್ತದೆ, ಬೇಸಗೆಯ ಬೇಗೆ ಇನ್ನೂ ಆರಂಭವಾಗಿರುವುದಿಲ್ಲ. ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಈ ಕಾಡು ಮಹಾನಗರದ ಕಟ್ಟಡಗಳ ನಡುವೆ ಹೇಗೋ ಉಳಿದುಕೊಂಡಿದೆ; ಚಿರತೆಗಳೂ ಉಳಿದಿವೆ. ಮುಖ್ಯದ್ವಾರದಿಂದ ಕಾನ್ಹೇರಿ ಗವಿಗಳವರೆಗಿನ ದಾರಿಯನ್ನು ಬಸ್ಸಿನಲ್ಲಿ ಮುಗಿಸುವವರೇ ಹೆಚ್ಚು. ನಡೆದು ಹೋದವರಿಗೆ ತೇಗದ ಒಣ ಎಲೆಗಳ ಸದ್ದು, ಬೋಳಾಗತೊಡಗಿದ ಬೂರುಗದ ಕೊಂಬೆಗಳು, ಸೊರಗಿದ ಹಳ್ಳದ ಬಂಡೆಗಳು ಜೊತೆಯಾಗುತ್ತವೆ.

ಹಳ್ಳ ಸೊರಗಿದಾಗಲೇ ಗುಡ್ಡದ ಮೇಲಿನವರ ಜಾಣತನ ಅರ್ಥವಾಗುವುದು. ನೂರಕ್ಕೂ ಹೆಚ್ಚಿನ ಗವಿಗಳಲ್ಲಿ ಬಹುಪಾಲಿನ ಮಗ್ಗುಲಲ್ಲೇ ಕಲ್ಲಿನಲ್ಲಿ ಕೊರೆದ ನೀರಿನ ತೊಟ್ಟಿಗಳಿವೆ. ಬಂಡೆಯ ಮೇಲೆ ಬಿದ್ದ ಮಳೆ ಸಣ್ಣ ಕಾಲುವೆಗಳಲ್ಲಿ ಹರಿದು ಅವುಗಳಿಗೆ ಇಳಿಯುವಂತೆ ಕೆತ್ತಿದ್ದಾರೆ. ಕ್ರಿಸ್ತಪೂರ್ವದ ಕೊನೆಯ ಶತಮಾನದಿಂದ ಸುಮಾರು ಸಾವಿರ ವರ್ಷ ಭಿಕ್ಷುಗಳು ಇಲ್ಲಿ ನೆಲೆಸಲು ಸಾಧ್ಯವಾದದ್ದರಲ್ಲಿ ಭಕ್ತಿಯಷ್ಟೇ ಪಾಲು ಈ ತೊಟ್ಟಿಗಳದೂ ಇರಬೇಕು.

ಹನ್ನೊಂದನೆಯ ಗವಿಯನ್ನು ದರ್ಬಾರ್ ಗವಿ ಎನ್ನುತ್ತಾರೆ. ಒಳಗೆ ಉದ್ದಕ್ಕೂ ಎರಡು ಕಲ್ಲಿನ ಜಗಲಿಗಳಿವೆ. ಹೊರಗಿನ ಕಂಬಗಳ ಮೇಲಣ ತೊಲೆಯಲ್ಲಿ ಒಂದು ಸಂಸ್ಕೃತ ಶಾಸನವಿದೆ. ಅದರ ಕಾಲ ಶಕವರ್ಷ 775, ಅಂದರೆ ಒಂಬತ್ತನೆಯ ಶತಮಾನದ ನಡುಭಾಗ. ಆಳುತ್ತಿದ್ದವನು ಮಾನ್ಯಖೇಟದ ಅಮೋಘವರ್ಷ; ಅವನ ಅಧೀನನಾಗಿ ಕೊಂಕಣವನ್ನು ನೋಡಿಕೊಳ್ಳುತ್ತಿದ್ದವನು ಶಿಲಾಹಾರರ ಕಪರ್ದಿ. ಅಮೋಘವರ್ಷನ ಹೆಸರಿರುವ ಶಾಸನಗಳು ಈ ಗುಡ್ಡದಲ್ಲಿ ಇನ್ನೂ ಎರಡಿವೆ.

ಇಷ್ಟು ಕೇಳಿದೊಡನೆ ಮುಂಬಯಿಯ ಕನ್ನಡಿಗನ ಎದೆ ಉಬ್ಬುವುದು ಸಹಜ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ಅರಸನಲ್ಲವೆ! ಆ ಗ್ರಂಥವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹರಡಿ ಹೇಳಿದ್ದನ್ನೂ ಯಾರಾದರೂ ಜ್ಞಾಪಿಸುತ್ತಾರೆ, ಮಾತು ಬೇಗನೆ ‘ಇದು ನಮ್ಮ ನೆಲ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನನಗೆ ಈ ಉತ್ಸಾಹ ಒಪ್ಪಿಗೆಯಾಗುವುದಿಲ್ಲ. ಅರಸನ ಹೆಸರು ಶಾಸನದಲ್ಲಿ ಕಾಲವನ್ನೂ ಅಧಿಕಾರವನ್ನೂ ಸೂಚಿಸುತ್ತದೆಯೇ ಹೊರತು ಅಲ್ಲಿನ ಜನ ಆಡುತ್ತಿದ್ದ ನುಡಿಯನ್ನಲ್ಲ. ಕಲ್ಲಿನ ಮೇಲಿನ ಭಾಷೆ ಸಂಸ್ಕೃತ, ಗುಡ್ಡ ಬೌದ್ಧರದು, ಅರಸನೋ ಜಿನಸೇನಾಚಾರ್ಯರನ್ನು ಗುರುವೆಂದು ಗೌರವಿಸಿದವನು.

ಶಾಸನದಲ್ಲಿ ನಮಗೆ ಹತ್ತಿರದವನು ಬೇರೊಬ್ಬನಿದ್ದಾನೆ. ದಾನ ಕೊಟ್ಟವನ ಹೆಸರು ಅವಿಘ್ನಾಕರ. ಊರು ದೂರದ ಗೌಡದೇಶ, ಇಂದಿನ ಬಂಗಾಳದ ಸೀಮೆ. ಅವನು ಕೃಷ್ಣಗಿರಿಯ ಮಹಾವಿಹಾರಕ್ಕೆ, ಅಂದರೆ ಈ ಕಾನ್ಹೇರಿಗೇ, ನೂರು ದ್ರಮ್ಮಗಳನ್ನು ಇಡುಗಂಟಾಗಿ ಕೊಟ್ಟ. ಭಿಕ್ಷುಗಳಿಗೆ ಧ್ಯಾನದ ಕೋಣೆಯೂ ಉಡಲು ಬಟ್ಟೆಯೂ ಒದಗಬೇಕೆಂಬುದು ಅವನ ಆಶಯ. ಯಾವ ಕೆಲಸದ ಮೇಲೆ ಪಶ್ಚಿಮದ ಕಡಲ ತೀರಕ್ಕೆ ಬಂದನೋ, ತಿರುಗಿ ಊರಿಗೆ ಹೋದನೋ ಇಲ್ಲವೋ, ಕಲ್ಲು ಹೇಳುವುದಿಲ್ಲ. ಹೊರನಾಡಿನಲ್ಲಿ ಸಂಘ ಕಟ್ಟಿ, ಶಾಲೆಗೆಂದು ಚಂದಾ ಎತ್ತಿ, ಫಲಕದಲ್ಲಿ ಹೆಸರನ್ನೂ ಹುಟ್ಟೂರನ್ನೂ ಬರೆಸಿದ ನಮ್ಮ ಹಿರಿಯರನ್ನು ಬಲ್ಲವರಿಗೆ ಈ ಗೌಡದೇಶದವನ ಪರಿಚಯ ಮಾಡಿಕೊಡಬೇಕಾಗಿಲ್ಲ.

ಇನ್ನೂ ಮೇಲಕ್ಕೆ, ತೊಂಬತ್ತನೆಯ ಗವಿಯಲ್ಲಿ, ಪಹ್ಲವಿ ಲಿಪಿಯ ಬರಹಗಳಿವೆ. ಕ್ರಿ.ಶ. 1009ರಲ್ಲಿಯೂ 1021ರಲ್ಲಿಯೂ ಇಲ್ಲಿಗೆ ಬಂದ ಪಾರಸಿಗಳು ತಮ್ಮ ತಮ್ಮ ಹೆಸರು, ತಂದೆಯ ಹೆಸರು, ಬಂದ ದಿನ ಇಷ್ಟನ್ನು ಕೆತ್ತಿ ಹೋಗಿದ್ದಾರೆ. ದಾನವಿಲ್ಲ, ಅರಸನ ಹೊಗಳಿಕೆಯೂ ಇಲ್ಲ. ವಿದ್ವಾಂಸರು ಲೆಕ್ಕ ಹಾಕಿ ಹೇಳಿರುವ ದಿನಗಳು ಅಕ್ಟೋಬರ್, ನವೆಂಬರ್ ತಿಂಗಳುಗಳವು. ಅವರೂ ಮಳೆ ನಿಂತು ದಾರಿ ಒಣಗಿದ ಮೇಲೆಯೇ ಗುಡ್ಡ ಹತ್ತಿದ್ದರು.